ಮೂರು ಅಂಗುಲದ ರಂಧ್ರ: ಹಳೆಯ ಮನೆಗಳಿಗೆ ನಾಳರಹಿತ ಹವಾನಿಯಂತ್ರಣ ಬಂದ ಬಗೆ

ಅಮೆರಿಕದಲ್ಲಿ 'ಡಕ್ಟ್‌ಲೆಸ್', ಅಂದರೆ ನಾಳವಿಲ್ಲದ್ದು, ಎಂಬ ಹೆಸರಿನಿಂದ ಮಾರಾಟವಾಗುವ ಯಂತ್ರಕ್ಕೆ ಕರ್ನಾಟಕದ ಅಂಗಡಿಗಳಲ್ಲಿರುವ ಹೆಸರು 'ಸ್ಪ್ಲಿಟ್ ಎಸಿ'. ಹೆಸರು ಬೇರೆಯಾದರೂ ವಸ್ತು ಒಂದೇ: ಮನೆಯ ಹೊರಗೆ ಕಂಪ್ರೆಸರ್ ಇರುವ ಒಂದು ಪೆಟ್ಟಿಗೆ, ಒಳಗೆ ಗೋಡೆಯ ಮೇಲ್ಭಾಗದಲ್ಲಿ ಕೂರಿಸಿದ ಇನ್ನೊಂದು ಪೆಟ್ಟಿಗೆ, ಇವೆರಡರ ನಡುವೆ ಶೀತಕವೆಂಬ ದ್ರವ ಹರಿದಾಡುವ ಒಂದು ಜೊತೆ ತಾಮ್ರದ ಕೊಳವೆ, ವಿದ್ಯುತ್ ತಂತಿ ಮತ್ತು ನೀರು ಬಸಿದುಹೋಗಲು ಒಂದು ಸಣ್ಣ ಪೈಪು. ಒಂದು ವಸ್ತುವನ್ನು ಅದರಲ್ಲಿ ಇಲ್ಲದಿರುವುದರ ಹೆಸರಿನಿಂದ ಕರೆಯಬೇಕಾದರೆ ಆ ಇಲ್ಲದಿರುವುದು ಜನರಿಗೆ ಬಹಳ ಬಳಕೆಯದಾಗಿರಬೇಕು. ಅಮೆರಿಕದ ಬಹುಪಾಲು ಮನೆಗಳಲ್ಲಿ ನೆಲಮಾಳಿಗೆಯ ಅಥವಾ ಅಟ್ಟದ ಒಂದೇ ಯಂತ್ರದಿಂದ ಬಿಸಿ ಅಥವಾ ತಂಪು ಗಾಳಿಯು ತಗಡಿನ ದೊಡ್ಡ ನಾಳಗಳ ಮೂಲಕ ಪ್ರತಿಯೊಂದು ಕೋಣೆಗೂ ಹರಿಯುವ ಏರ್ಪಾಡು ಎಷ್ಟು ಸಹಜವಾಗಿದೆಯೆಂದರೆ, ಅದಿಲ್ಲದ ಯಂತ್ರವನ್ನು ಅವರು ಕೊರತೆಯ ಮೂಲಕವೇ ಗುರುತಿಸಿದರು. ನಾಳಗಳ ಪದ್ಧತಿ ಮನೆಗಳಿಗೆ ಬಾರದೇ ಇದ್ದ ಕರ್ನಾಟಕದಲ್ಲಿ ಅಂಥ ಹೆಸರಿನ ಅಗತ್ಯವೇ ಬೀಳಲಿಲ್ಲ.

ಈ ಯಂತ್ರವು ನೂರು, ಇನ್ನೂರು ವರ್ಷಗಳಷ್ಟು ಹಳೆಯದಾದ ಮನೆಗಳನ್ನು ಪ್ರವೇಶಿಸಿದ ಕಥೆಯನ್ನು ಯಂತ್ರದ ಕಡೆಯಿಂದ ಹೇಳುವುದು ವಾಡಿಕೆ. ಗೋಡೆಯ ಕಡೆಯಿಂದ ನೋಡಿದರೆ ಅದು ಕೊರೆತಗಳ ಇತಿಹಾಸವಾಗಿ ಕಾಣುತ್ತದೆ. ಮನುಷ್ಯನಿಗೆ ಬೇಕಾದ ಪ್ರತಿಯೊಂದು ಹೊಸ ಸೌಕರ್ಯವೂ, ನೀರಾಗಲಿ ಅನಿಲವಾಗಲಿ ವಿದ್ಯುತ್ತಾಗಲಿ ಬಿಸಿಗಾಳಿಯಾಗಲಿ, ಅದಕ್ಕೆಂದು ಕಟ್ಟಿರದ ಮನೆಯೊಳಗೆ ಬರುವಾಗ ತನಗೊಂದು ದಾರಿಯನ್ನು ಕೊರೆದುಕೊಂಡೇ ಬಂದಿದೆ, ಮತ್ತು ಹಳೆಯ ಮನೆಗಳು ಚಳಿ ಬಿಸಿಲುಗಳಿಂದ ಪಟ್ಟ ಹಾನಿಗಿಂತ ಈ ದಾರಿಗಳಿಂದ ಪಟ್ಟ ಹಾನಿ ಅನೇಕ ಕಡೆ ಹೆಚ್ಚು.

ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನಲ್ಲಿ ವಸಾಹತುಕಾಲದ ಮರದ ಮನೆಗಳನ್ನು ನಡುವಿನಲ್ಲೊಂದು ಭಾರಿ ಇಟ್ಟಿಗೆಯ ಚಿಮಣಿಯನ್ನು ಕಟ್ಟಿ, ಅದರ ಸುತ್ತ ಕೋಣೆಗಳನ್ನು ಜೋಡಿಸಿ ರೂಪಿಸುತ್ತಿದ್ದರು. ಆಯಾ ಕೋಣೆಯ ಅಗ್ಗಿಷ್ಟಿಕೆ ಆ ಚಿಮಣಿಗೇ ತೆರೆದುಕೊಳ್ಳುತ್ತಿದ್ದುದರಿಂದ ಬಿಸಿಯ ಏರ್ಪಾಡೂ ಮನೆಯ ರಚನೆಯೂ ಒಂದೇ ಆಗಿದ್ದವು. ತೆರೆದ ಬೆಂಕಿಯ ಶಾಖದಲ್ಲಿ ಹೆಚ್ಚಿನ ಪಾಲು ಹೊಗೆಯ ಜೊತೆ ಮೇಲಕ್ಕೆ ಹೋಗಿಬಿಡುವ ಕಾರಣ 1740ರ ದಶಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಕಬ್ಬಿಣದ ಒಲೆಯೊಂದನ್ನು ರೂಪಿಸಿದನು, ಅದರ ಪೇಟೆಂಟನ್ನು ಪಡೆಯಲು ನಿರಾಕರಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ನೆಲಮಾಳಿಗೆಯ ಕಲ್ಲಿದ್ದಲ ಕುಲುಮೆಯಿಂದ ಬಿಸಿಗಾಳಿಯನ್ನು ನಾಳಗಳ ಮೂಲಕ ಮೇಲೇರಿಸುವ ಪದ್ಧತಿಯೂ, ಹಬೆ ಅಥವಾ ಬಿಸಿನೀರನ್ನು ಎರಕದ ಕಬ್ಬಿಣದ ರೇಡಿಯೇಟರುಗಳಿಗೆ, ಅಂದರೆ ಕೋಣೆಯಲ್ಲಿ ನಿಂತು ಶಾಖ ಸೂಸುವ ಟೊಳ್ಳು ಕಬ್ಬಿಣದ ಕಂಬಗಳ ಸಾಲಿಗೆ, ಹರಿಸುವ ಪದ್ಧತಿಯೂ ಬಂದವು. ಈ ಎರಡು ಪದ್ಧತಿಗಳ ನಡುವಿನ ಆಯ್ಕೆ ಅಂದಿನ ಮನೆಯೊಡೆಯನಿಗೆ ಕೇವಲ ಖರ್ಚಿನ ಪ್ರಶ್ನೆಯಾಗಿದ್ದಿರಬಹುದು. ಆದರೆ ನೂರು ವರ್ಷಗಳ ಅನಂತರ ಆ ಮನೆಗೆ ತಂಪುಗಾಳಿ ಯಾವ ದಾರಿಯಿಂದ ಬರಬೇಕೆಂಬುದನ್ನು ಅದೇ ನಿರ್ಧರಿಸಿತು. ನಾಳಗಳಿದ್ದ ಮನೆಗೆ ಎಸಿ ಆ ನಾಳಗಳಲ್ಲೇ ಬಂದಿತು. ರೇಡಿಯೇಟರುಗಳಿದ್ದ ಮನೆಗೆ ದಾರಿಯೇ ಇರಲಿಲ್ಲ.

ಕೊರೆತಗಳು ಸೇರಿ ಒಂದು ಮನೆಯನ್ನು ಏನು ಮಾಡಬಲ್ಲವು ಎಂಬುದಕ್ಕೆ ವಾಷಿಂಗ್ಟನ್ನಿನ ಶ್ವೇತಭವನಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ. 1814ರಲ್ಲಿ ಬ್ರಿಟಿಷ್ ಸೈನ್ಯ ಹಚ್ಚಿದ ಬೆಂಕಿಯಲ್ಲಿ ಒಳಭಾಗ ಸುಟ್ಟುಹೋದ ಮೇಲೆ ಮರದ ತೊಲೆಗಳಿಂದ ಪುನಃ ಕಟ್ಟಲಾದ ಆ ಮನೆಗೆ 1833ರಲ್ಲಿ ಕೊಳವೆನೀರು ಬಂದಿತು. 1840ರ ಹೊತ್ತಿಗೆ ಬಿಸಿಗಾಳಿಯ ಕುಲುಮೆ, 1848ರಲ್ಲಿ ಅನಿಲದೀಪ, 1891ರಲ್ಲಿ ವಿದ್ಯುತ್ತು ಬಂದವು. ಪ್ರತಿಯೊಂದು ಸಲವೂ ಕೆಲಸಗಾರರು ತಮ್ಮ ಕೊಳವೆಗೋ ತಂತಿಗೋ ಬೇಕಾದಷ್ಟು ಜಾಗವನ್ನು ತೊಲೆಗಳಲ್ಲಿ ಕಚ್ಚು ಹಾಕಿ, ಗೋಡೆಗಳಲ್ಲಿ ತೋಡು ಕೊರೆದು ಮಾಡಿಕೊಂಡರು. ಒಬ್ಬರ ಕಚ್ಚಿನ ಪಕ್ಕದಲ್ಲಿ ಇನ್ನೊಬ್ಬರ ಕಚ್ಚು ಬೀಳುತ್ತಾ ಹೋಯಿತು, ಮತ್ತು ಒಟ್ಟು ಎಷ್ಟು ಮರ ಉಳಿದಿದೆ ಎಂದು ಲೆಕ್ಕವಿಡುವುದು ಯಾರ ಕೆಲಸವೂ ಆಗಿರಲಿಲ್ಲ. 1927ರಲ್ಲಿ ಈ ದುರ್ಬಲ ದೇಹದ ಮೇಲೆ ಉಕ್ಕು ಮತ್ತು ಕಾಂಕ್ರೀಟಿನ ಮೂರನೆಯ ಅಂತಸ್ತಿನ ಭಾರವನ್ನೂ ಹೊರಿಸಲಾಯಿತು. 1948ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ನನ ಮಗಳ ಪಿಯಾನೋದ ಒಂದು ಕಾಲು ನೆಲವನ್ನು ತೂರಿ ಕೆಳಗಿಳಿದಾಗ ನಡೆದ ತಪಾಸಣೆಯಲ್ಲಿ ಕಟ್ಟಡ ವಾಸಕ್ಕೆ ಯೋಗ್ಯವಲ್ಲವೆಂದು ತಿಳಿದುಬಂದಿತು.

ಆ ವರ್ಷದ ನವೆಂಬರಿನಲ್ಲಿ ಅಧ್ಯಕ್ಷನ ಕುಟುಂಬವು ಎದುರಿನ ಬ್ಲೇರ್ ಹೌಸಿಗೆ ಸ್ಥಳಾಂತರಗೊಂಡಿತು. 1949ರ ಡಿಸೆಂಬರಿನಿಂದ ಹೊರಗೋಡೆಗಳನ್ನು ಮಾತ್ರ ನಿಲ್ಲಿಸಿಕೊಂಡು ಒಳಗಿನದೆಲ್ಲವನ್ನೂ ಬಿಚ್ಚಿ ತೆಗೆದು, ಹೊಸ ಅಡಿಪಾಯ ಹಾಕಿ, ಸುಮಾರು 660 ಟನ್ ಉಕ್ಕಿನ ಹಂದರವನ್ನು ನಿಲ್ಲಿಸಲಾಯಿತು. ಒಳಗಿನ ಅಗೆತಕ್ಕೆ ಬುಲ್ಡೋಜರ್ ಬೇಕಾದಾಗ ಅದಕ್ಕಾಗಿ ಗೋಡೆಯಲ್ಲಿ ದೊಡ್ಡ ಬಾಗಿಲು ಒಡೆಯಲು ಟ್ರೂಮನ್ ಒಪ್ಪದ ಕಾರಣ ಯಂತ್ರವನ್ನು ಬಿಡಿಬಿಡಿಯಾಗಿ ಒಳಗೆ ಸಾಗಿಸಿ ಜೋಡಿಸಬೇಕಾಯಿತು. ಗೋಡೆಯ ಬಗ್ಗೆ ತೋರಿದ ಈ ಕಾಳಜಿಯ ಒಳಗಡೆಯೇ ಇಡೀ ಮನೆ ಇಲ್ಲವಾಗಿತ್ತೆಂಬುದು ಸಂರಕ್ಷಣೆಯ ಇತಿಹಾಸದಲ್ಲಿ ಮತ್ತೆ ಮತ್ತೆ ಎದುರಾಗುವ ವಿಪರ್ಯಾಸ. 1952ರ ಮಾರ್ಚ್ 27ರಂದು ಟ್ರೂಮನ್ ಹಿಂತಿರುಗಿದ ಮನೆಯಲ್ಲಿ ಕೇಂದ್ರೀಯ ಹವಾನಿಯಂತ್ರಣವಿತ್ತು. ಅದರ ನಾಳಗಳಿಗೆ ಉಕ್ಕಿನ ಹಂದರದಲ್ಲಿ ಮೊದಲೇ ಜಾಗ ಬಿಡಲಾಗಿತ್ತು. ಬಿಚ್ಚಿ ತೆಗೆದ ಹಳೆಯ ಮರ, ಇಟ್ಟಿಗೆ, ಮೊಳೆಗಳಲ್ಲಿ ಒಂದಷ್ಟನ್ನು ಸಾರ್ವಜನಿಕರಿಗೆ ನೆನಪಿನ ಕಾಣಿಕೆಗಳಾಗಿ ಮಾರಲಾಯಿತು.

ಬಿಸಿಗಿಂತ ತಂಪು ಮನೆಗಳಿಗೆ ಬಹಳ ತಡವಾಗಿ ಬಂದಿತು, ಮತ್ತು ಮೊದಲು ಬಂದದ್ದು ಯಂತ್ರವಾಗಿ ಅಲ್ಲ, ಮಂಜುಗಡ್ಡೆಯಾಗಿ. ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ನ್ಯೂ ಇಂಗ್ಲೆಂಡಿನ ಕೆರೆಗಳಲ್ಲಿ ಕೊಯ್ದ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹುದುಗಿಸಿ 1833ರಲ್ಲಿ ಹಡಗಿನ ಮೂಲಕ ಕಲ್ಕತ್ತೆಗೆ ಕಳುಹಿಸಿದನು. ಮದರಾಸಿನ ಕಡಲತೀರದಲ್ಲಿ ಆ ವ್ಯಾಪಾರಕ್ಕಾಗಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ ಸ್ಮಾರಕವಾಗಿ ನಿಂತಿದೆ. 1881ರ ಬೇಸಿಗೆಯಲ್ಲಿ ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡನ ಕೋಣೆಯನ್ನು ತಂಪಾಗಿಸಲು ನೌಕಾದಳದ ಎಂಜಿನಿಯರುಗಳು ಮಂಜುನೀರಿನಲ್ಲಿ ನೆನೆಸಿದ ಬಟ್ಟೆಗಳ ಮೂಲಕ ಗಾಳಿ ಬೀಸುವ ಸಾಧನವನ್ನು ಕಟ್ಟಿದರು. ಎರಡು ತಿಂಗಳಲ್ಲಿ ಸುಮಾರು ಐದು ಲಕ್ಷ ಪೌಂಡ್ ಮಂಜುಗಡ್ಡೆ ಕರಗಿತೆಂದು ದಾಖಲೆಯಿದೆ. ಬೆಂಗಳೂರಿನ ಅಂಗಡಿಯಲ್ಲಿ ಇಂದಿಗೂ 'ಒಂದೂವರೆ ಟನ್ನಿನ ಎಸಿ' ಎನ್ನುವಾಗ ಬಳಸುವ ಟನ್ನು ಯಂತ್ರದ ತೂಕವಲ್ಲ, ಈ ಮಂಜುಗಡ್ಡೆ ವ್ಯಾಪಾರದ ಪಳೆಯುಳಿಕೆ: 2,000 ಪೌಂಡಿನ ಒಂದು ಅಮೆರಿಕನ್ ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವಷ್ಟು ಶಾಖವನ್ನು ಹೊರಹಾಕುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಆ ಅಳತೆಯಲ್ಲಿ ಗಾರ್‌ಫೀಲ್ಡನ ಕೋಣೆಯಲ್ಲಿ ಹಗಲಿರುಳು ನಾಲ್ಕು ಟನ್ನಿಗೂ ತುಸು ಮಿಕ್ಕ ಎಸಿಯೊಂದು ನಡೆದಂತಾಯಿತು.

ಯಂತ್ರದ ಎಸಿ ಹುಟ್ಟಿದ್ದು ಕಾಗದದ ಚಿಂತೆಯಿಂದ. 1902ರಲ್ಲಿ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಾಗಿ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರನು ಗಾಳಿಯ ತೇವವನ್ನು ಹತೋಟಿಯಲ್ಲಿಡುವ ಏರ್ಪಾಡನ್ನು ರೂಪಿಸಿದನು. 1914ರಲ್ಲಿ ಮಿನಿಯಾಪೊಲಿಸ್ಸಿನ ಗೇಟ್ಸ್ ಮನೆತನದ ಬಂಗಲೆಯಲ್ಲಿ ಕೂರಿಸಿದ, ಸುಮಾರು 20 ಅಡಿ ಉದ್ದದ ಯಂತ್ರವನ್ನು ಮನೆಯೊಂದಕ್ಕೆ ಹಾಕಿದ ಮೊದಲ ಎಸಿ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಎರಡನೆಯ ಮಹಾಯುದ್ಧದ ಅನಂತರ ಕಿಟಕಿಯಲ್ಲಿ ಕೂರುವ ಪೆಟ್ಟಿಗೆ ಎಸಿ ಅಗ್ಗವಾಗಿ ಹರಡಿತು. ಗೋಡೆ ಕೊರೆಯದೆ, ಕಿಟಕಿಯ ಕೆಳಬಾಗಿಲನ್ನು ಎತ್ತಿ ಅಲ್ಲೇ ಕೂರಿಸಬಹುದಾಗಿದ್ದರಿಂದ ರೇಡಿಯೇಟರುಗಳ ಹಳೆಯ ಮನೆಗಳಿಗೆ ಅದೊಂದೇ ಸುಲಭದ ದಾರಿಯಾಯಿತು. ಆದರೆ ನೀರು ತೊಟ್ಟಿಕ್ಕಿ ಮರದ ಹೊಸ್ತಿಲು ಕೊಳೆಯುವುದು, ಬೆಳಕು ಮುಚ್ಚಿಹೋಗುವುದು, ಸದ್ದು, ಬೀದಿಯ ಕಡೆಯ ಮುಖ ಕೆಡುವುದು ಎಂಬ ದೂರುಗಳೂ ಅದರ ಜೊತೆಗೇ ಬಂದವು.

ನಾಳವೂ ಇಲ್ಲದ, ಕಿಟಕಿಯನ್ನೂ ಮುಚ್ಚದ ಮೂರನೆಯ ದಾರಿ ತೆರೆದದ್ದು ಜಪಾನಿನಲ್ಲಿ. ಅದು ಅಲ್ಲಿಯೇ ತೆರೆದುಕೊಂಡದ್ದಕ್ಕೆ ಅಲ್ಲಿನ ಮನೆಯ ರಚನೆಯೇ ಕಾರಣ. ಸಾಂಪ್ರದಾಯಿಕ ಜಪಾನೀ ಮನೆಯೆಂದರೆ ಮರದ ಕಂಬ ಅಡ್ಡಪಟ್ಟಿಗಳ ಹಂದರ, ನಡುನಡುವೆ ಬಿದಿರಿನ ದಬ್ಬೆಗಳ ಹೆಣಿಗೆಗೆ ಮಣ್ಣು ಮೆತ್ತಿದ ತೆಳುವಾದ ಗೋಡೆ, ಉಳಿದ ಕಡೆಯೆಲ್ಲ ಸರಿಯುವ ಕಾಗದದ ಬಾಗಿಲುಗಳು. ಮಲೆನಾಡಿನ ತಟ್ಟಿಗೋಡೆಯನ್ನು ಬಲ್ಲ ಕನ್ನಡ ಓದುಗರಿಗೆ ಆ ಗೋಡೆಯ ಸ್ವಭಾವವನ್ನು ಹೆಚ್ಚು ವಿವರಿಸಬೇಕಿಲ್ಲ. ಮನೆಯನ್ನು ಬೇಸಿಗೆಗೆ ತಕ್ಕಂತೆ ಕಟ್ಟಬೇಕು, ಚಳಿಗಾಲವನ್ನು ಹೇಗೋ ಕಳೆಯಬಹುದು ಎಂಬ ವಿಚಾರವನ್ನು ಹದಿನಾಲ್ಕನೆಯ ಶತಮಾನದ ಸನ್ಯಾಸಿ ಯೋಶಿದಾ ಕೆಂಕೋ ತನ್ನ 'ತ್ಸುರೆಝುರೆಗುಸ' ಎಂಬ ಬರಹಗಳ ಸಂಗ್ರಹದಲ್ಲಿ ಮಂಡಿಸಿದ್ದಾನೆ. ಕ್ಯೋಟೋ ನಗರದಲ್ಲಿ 'ಮಚಿಯಾ' ಎಂದು ಕರೆಯಲಾಗುವ ವರ್ತಕರ ಮನೆಗಳು ಬೀದಿಗೆ ಇಕ್ಕಟ್ಟಾದ ಮುಖವನ್ನಿಟ್ಟು ಹಿಂದಕ್ಕೆ ಬಹುದೂರ ಚಾಚಿಕೊಂಡಿದ್ದು, ನಡುವೆ ಪುಟ್ಟ ತೋಟದ ಅಂಗಳಗಳನ್ನು ಹೊಂದಿರುತ್ತವೆ. ನೀರು ಚಿಮುಕಿಸಿದ ತಂಪು ಅಂಗಳದಿಂದ ಬಿಸಿಲಿನ ಅಂಗಳದ ಕಡೆಗೆ ಗಾಳಿ ಸರಿಯುತ್ತದೆ. ತೊಟ್ಟಿಮನೆಯ ಅಂಗಳಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ಆದರೂ ಎರಡೂ ಒಂದೇ ಸಮಸ್ಯೆಗೆ ಕೊಟ್ಟ ಹತ್ತಿರದ ಉತ್ತರಗಳು. ಬೇಸಿಗೆ ಬಂದಾಗ ಕಾಗದದ ಬಾಗಿಲುಗಳನ್ನು ಕಳಚಿಟ್ಟು ಜೊಂಡಿನ ತಡಿಕೆಗಳನ್ನು ಹಾಕುವುದು ಆ ಮನೆಗಳ ವಾರ್ಷಿಕ ಕ್ರಮ.

ಇಂಥ ಮನೆಯಲ್ಲಿ ಚಳಿಗೆ ಮಾಡುತ್ತಿದ್ದ ಉಪಾಯವು ಕೋಣೆಯನ್ನು ಬಿಟ್ಟು ಮೈಯನ್ನು ಮಾತ್ರ ಬಿಸಿಮಾಡುವುದಾಗಿತ್ತು: ಕೈ ಕಾಯಿಸಿಕೊಳ್ಳಲು ಇದ್ದಿಲ ಅಗ್ಗಿಷ್ಟಿಕೆ, ಮತ್ತು ಕಡಿಮೆ ಎತ್ತರದ ಮೇಜಿನ ಕೆಳಗೆ ಕೆಂಡವಿಟ್ಟು ಮೇಲೆ ದಪ್ಪ ಹೊದಿಕೆ ಹಾಸಿ ಕಾಲು ಚಾಚಿ ಕೂರುವ 'ಕೊತಾತ್ಸು'. ಹೊಸ ಸೌಕರ್ಯಗಳು ಈ ಮನೆಯೊಳಗೆ ಕಾಲಿಡುವಾಗ ಉಂಟಾದ ಪೇಚನ್ನು ಕಾದಂಬರಿಕಾರ ಜುನಿಚಿರೋ ತಾನಿಝಾಕಿಯಷ್ಟು ಸೂಕ್ಷ್ಮವಾಗಿ ದಾಖಲಿಸಿದವರು ವಿರಳ. ನೆರಳಿನ ಸೊಗಸನ್ನು ಕುರಿತು 1933ರಲ್ಲಿ ಬರತೊಡಗಿದ ಆತನ ಪ್ರಸಿದ್ಧ ಪ್ರಬಂಧವು ಆರಂಭವಾಗುವುದೇ ವಿದ್ಯುತ್ ತಂತಿ, ಅನಿಲದ ಕೊಳವೆ, ನೀರಿನ ಕೊಳವೆಗಳನ್ನು ಜಪಾನೀ ಶೈಲಿಯ ಮನೆಯಲ್ಲಿ ಕಣ್ಣಿಗೆ ಬೀಳದಂತೆ ಅಡಗಿಸುವ ಪಾಡಿನಿಂದ. ಸಂರಕ್ಷಣಾ ಶಾಸ್ತ್ರದ ಕೈಪಿಡಿಗಳು ಹುಟ್ಟುವ ಮೊದಲೇ ಆ ಶಾಸ್ತ್ರದ ಕೇಂದ್ರ ಪ್ರಶ್ನೆಯನ್ನು ಒಬ್ಬ ಸಾಹಿತಿ ಎತ್ತಿದ್ದನು.

1960ರ ದಶಕದಲ್ಲಿ ಕಾರು, ಬಣ್ಣದ ಟಿವಿ ಮತ್ತು ಕೂಲರ್, ಅಂದರೆ ಎಸಿ, ಈ ಮೂರೂ ಜಪಾನಿನ ಮಧ್ಯಮವರ್ಗದ ಆಸೆಯ ವಸ್ತುಗಳಾದವು. ಅಮೆರಿಕದ ಕಿಟಕಿಯ ಬಾಗಿಲು ಮೇಲೆ ಕೆಳಗೆ ಸರಿಯುವುದರಿಂದ ಅದರ ಕೆಳಗೆ ಪೆಟ್ಟಿಗೆಯನ್ನು ಸಿಕ್ಕಿಸಬಹುದು. ಜಪಾನಿನ ಕಿಟಕಿ ಪಕ್ಕಕ್ಕೆ ಸರಿಯುತ್ತದೆ, ಮನೆಗಳು ಒತ್ತೊತ್ತಾಗಿವೆ, ಸದ್ದು ನೆರೆಯವರ ಮಲಗುವ ಕೋಣೆಗೇ ಕೇಳಿಸುತ್ತದೆ. ಸದ್ದು ಮಾಡುವ ಕಂಪ್ರೆಸರನ್ನು ಹೊರಗಿಟ್ಟು, ತಂಪು ಹರಡುವ ಭಾಗವನ್ನು ಮಾತ್ರ ಒಳಗಿಡುವ ಎರಡು ಹೋಳಿನ ಯಂತ್ರವನ್ನು ತೋಷಿಬಾ ಸಂಸ್ಥೆ 1961ರಲ್ಲಿ ಜಪಾನಿನ ಮಾರುಕಟ್ಟೆಗೆ ತಂದಿತು. ಒಳಗಿನ ಭಾಗ ಆಗ ಇನ್ನೂ ನೆಲದ ಮೇಲೆ ಜಾಗ ಹಿಡಿಯುವ ದೊಡ್ಡ ಪೆಟ್ಟಿಗೆಯಾಗಿತ್ತು. 1968ರಲ್ಲಿ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಸ್ಥೆಯು ಉದ್ದನೆಯ ಉರುಳೆಯಾಕಾರದ ಫ್ಯಾನನ್ನು ಬಳಸಿ, ಗೋಡೆಯ ಮೇಲ್ಭಾಗದಲ್ಲಿ ಕೂರುವ ತೆಳ್ಳನೆಯ ಒಳಪೆಟ್ಟಿಗೆಯನ್ನು ರೂಪಿಸಿತು. ಇಡೀ ಉದ್ದಕ್ಕೂ ಒಂದೇ ಸಮನೆ ಗಾಳಿ ಬಿಡುವ ಈ ಬಗೆಯ ಫ್ಯಾನಿನ ಮೂಲತತ್ತ್ವವನ್ನು ಫ್ರಾನ್ಸಿನ ಪಾಲ್ ಮಾರ್ತಿಯೇ 1890ರ ದಶಕದಲ್ಲೇ ಕಂಡುಹಿಡಿದಿದ್ದನು. ಅದಕ್ಕೆ ತಕ್ಕ ಕೆಲಸ ಸಿಕ್ಕಲು ಮುಕ್ಕಾಲು ಶತಮಾನ ಬೇಕಾಯಿತು. ಇಂದು ಶಿವಮೊಗ್ಗದ ಬ್ಯಾಂಕಿನಲ್ಲೂ ಕಲಬುರಗಿಯ ಲಾಡ್ಜಿನಲ್ಲೂ ಗೋಡೆಯ ಮೇಲೆ ಕಾಣುವ ಬಿಳಿಯ ಪೆಟ್ಟಿಗೆಯ ಆಕಾರ ಆ ಉರುಳೆ ಫ್ಯಾನಿನಿಂದ ಬಂದದ್ದು. ಜಪಾನಿನಲ್ಲಿ ಎಸಿಯ ಶಕ್ತಿಯನ್ನು ಈಗಲೂ 'ಆರು ಚಾಪೆಯ ಕೋಣೆಗೆ', 'ಎಂಟು ಚಾಪೆಯ ಕೋಣೆಗೆ' ಎಂದು ನೆಲಕ್ಕೆ ಹಾಸುವ ತತಾಮಿ ಚಾಪೆಗಳ ಲೆಕ್ಕದಲ್ಲಿ ಹೇಳುವುದುಂಟು. ಒಂದು ಯಂತ್ರ ಇಡೀ ಮನೆಗೆ ಎನ್ನುವ ಬದಲು ಒಂದು ಯಂತ್ರ ಒಂದು ಕೋಣೆಗೆ ಎಂಬ ಕೊತಾತ್ಸುವಿನ ಕಾಲದ ಮನೋಭಾವ ಆ ಅಳತೆಯಲ್ಲಿ ಹಾಗೆಯೇ ಉಳಿದಿದೆ.

ಈ ಯಂತ್ರವನ್ನು ತಿರುವುಮುರುವಾಗಿ ನಡೆಸಿದರೆ ಅದು ಹೊರಗಿನ ಗಾಳಿಯಿಂದ ಶಾಖವನ್ನು ಹೀರಿ ಒಳಗೆ ಬಿಡುತ್ತದೆ. ಆಗ ಅದಕ್ಕೆ ಹೀಟ್ ಪಂಪ್, ಅಂದರೆ ಶಾಖವನ್ನು ಎತ್ತಿ ಸಾಗಿಸುವ ಪಂಪು, ಎಂದು ಹೆಸರು. ಶಾಖವನ್ನು ಹುಟ್ಟಿಸುವ ಬದಲು ಸಾಗಿಸುವುದರಿಂದ, ಒಂದು ಪಾಲು ವಿದ್ಯುತ್ತಿಗೆ ಹಿತವಾದ ಹವೆಯಲ್ಲಿ ಸುಮಾರು ಮೂರು ಪಾಲು ಶಾಖ ದೊರೆಯುತ್ತದೆ. ಐತಿಹಾಸಿಕ ಕಟ್ಟಡವೊಂದಕ್ಕೆ ಈ ತತ್ತ್ವವನ್ನು ಅನ್ವಯಿಸಿದ ಆರಂಭದ ಪ್ರಸಿದ್ಧ ಉದಾಹರಣೆ ಸ್ವಿಟ್ಜರ್ಲೆಂಡಿನ ಝೂರಿಕ್ ನಗರದ ಪುರಭವನ: ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಆ ಭವನದಲ್ಲಿ ಹಳೆಯ ಒಲೆಗಳ ಜಾಗಕ್ಕೆ 1938ರ ಹೊತ್ತಿಗೆ ಬಂದ ಹೀಟ್ ಪಂಪು ಪಕ್ಕದ ಲಿಮ್ಮಾಟ್ ನದಿಯ ನೀರಿನಿಂದ ಶಾಖ ತೆಗೆಯುತ್ತಿತ್ತು ಮತ್ತು 2001ರವರೆಗೂ ಕೆಲಸ ಮಾಡಿತು. ಮನೆಬಳಕೆಯ ಯಂತ್ರಗಳಲ್ಲಿ ನಿಜವಾದ ತಿರುವು ತಂದದ್ದು ಇನ್ವರ್ಟರ್. ಕಂಪ್ರೆಸರಿನ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಏರಿಸಿ ಇಳಿಸುವ ಈ ವಿದ್ಯುನ್ಮಾನ ಸಾಧನವನ್ನು ತೋಷಿಬಾ 1980ರಲ್ಲಿ ವಾಣಿಜ್ಯ ಬಳಕೆಯ ಎಸಿಗಳಿಗೂ ಮರುವರ್ಷ ಮನೆಯ ಎಸಿಗಳಿಗೂ ಅಳವಡಿಸಿತು. ಪೂರ್ಣ ವೇಗದಲ್ಲಿ ಓಡಿ ಥಟ್ಟನೆ ನಿಂತು ಮತ್ತೆ ಓಡುವ ಯಂತ್ರಕ್ಕಿಂತ ನಿಧಾನವಾಗಿ ಸತತ ನಡೆಯುವ ಯಂತ್ರವು ಹಳೆಯ ಮರ, ಗಾರೆ, ಬಣ್ಣಗಳಿಗೆ ಹೆಚ್ಚು ಹಿತ, ಏಕೆಂದರೆ ತಾಪ ಮತ್ತು ತೇವಗಳ ಹಠಾತ್ ಏರಿಳಿತವೇ ಅವುಗಳನ್ನು ಬಿರಿಸುವುದು.

ಯಂತ್ರಗಳು ಹೀಗೆ ಬೆಳೆಯುತ್ತಿದ್ದಾಗ ಹಳೆಯ ಮನೆಗಳಿಗೆ ಕಾನೂನಿನ ರಕ್ಷಣೆಯೂ ಬೆಳೆಯಿತು. ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ನಗರವು 1931ರಲ್ಲಿ ಅಮೆರಿಕದ ಮೊದಲ ಐತಿಹಾಸಿಕ ವಲಯವನ್ನು ಘೋಷಿಸಿ, ಬೀದಿಯಿಂದ ಕಾಣುವ ಬದಲಾವಣೆಗಳಿಗೆ ಮಂಡಳಿಯೊಂದರ ಒಪ್ಪಿಗೆಯನ್ನು ಕಡ್ಡಾಯಗೊಳಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಐತಿಹಾಸಿಕ ಸಂರಕ್ಷಣಾ ಕಾಯಿದೆ 1966ರಲ್ಲಿ ಬಂದಿತು. ಜಪಾನಿನ ಕಾನೂನಿನ ಹಿಂದೆ ಬೆಂಕಿಯೊಂದಿದೆ. 1949ರ ಜನವರಿಯಲ್ಲಿ ನಾರಾ ಸಮೀಪದ ಹೋರ್ಯೂಜಿ ದೇವಾಲಯದ ಚಿನ್ನದ ಮಂಟಪಕ್ಕೆ ಬೆಂಕಿ ಬಿದ್ದು ಪ್ರಾಚೀನ ಭಿತ್ತಿಚಿತ್ರಗಳು ಸುಟ್ಟವು. ಅವುಗಳ ಪ್ರತಿ ತೆಗೆಯುತ್ತಿದ್ದ ಚಿತ್ರಕಾರರು ಚಳಿಗೆ ಬಳಸುತ್ತಿದ್ದ ವಿದ್ಯುತ್ ದಿಂಬಿನಿಂದ ಬೆಂಕಿ ಹತ್ತಿರಬಹುದೆಂಬುದು ಆಗ ಕೇಳಿಬಂದ ಊಹೆಗಳಲ್ಲೊಂದು. ಮರುವರ್ಷವೇ ಸಾಂಸ್ಕೃತಿಕ ಆಸ್ತಿಗಳ ರಕ್ಷಣಾ ಕಾಯಿದೆ ಬಂದಿತು, 1975ರ ತಿದ್ದುಪಡಿಯು ಇಡೀ ಬೀದಿಗಳನ್ನೇ ರಕ್ಷಿಸಲು ಅವಕಾಶ ಮಾಡಿಕೊಟ್ಟಿತು, ಮತ್ತು ಕ್ಯೋಟೋದ ಗಿಯೋನ್ ಶಿನ್‌ಬಾಶಿ ಹಾಗೂ ಸನ್ನೆನ್‌ಝಾಕಾ ಪ್ರದೇಶಗಳು 1976ರಲ್ಲಿ ಆ ರಕ್ಷಣೆಯ ಕೆಳಗೆ ಬಂದವು.

ಅಮೆರಿಕದ ಒಳಾಡಳಿತ ಇಲಾಖೆಯು 1977ರಲ್ಲಿ ಹೊರಡಿಸಿದ ಪುನರುಜ್ಜೀವನದ ಮಾನದಂಡಗಳಲ್ಲಿ ಒಂದು ತತ್ತ್ವ ಈ ಚರ್ಚೆಗೆ ಮುಖ್ಯ: ಹೊಸದಾಗಿ ಸೇರಿಸಿದ್ದನ್ನು ಮುಂದೊಂದು ದಿನ ಕಳಚಿದರೆ ಮೂಲ ಕಟ್ಟಡದ ರೂಪ ಕೆಡದೆ ಉಳಿಯಬೇಕು. ಇದನ್ನು ಸಂರಕ್ಷಕರು ಹಿಂತೆಗೆತದ ತತ್ತ್ವ ಎನ್ನುತ್ತಾರೆ. 1991ರಲ್ಲಿ ಶಾರನ್ ಪಾರ್ಕ್ ಬರೆದು ರಾಷ್ಟ್ರೀಯ ಉದ್ಯಾನ ಸೇವಾ ಸಂಸ್ಥೆ ಪ್ರಕಟಿಸಿದ, ಐತಿಹಾಸಿಕ ಕಟ್ಟಡಗಳ ತಾಪನ ಮತ್ತು ಶೀತನದ ಕೈಪಿಡಿಯು ಹಳೆಯ ಕಟ್ಟಡದಲ್ಲಿ ಈಗಾಗಲೇ ಇರುವ ಕಿಟಕಿ, ಹೊರಬಾಗಿಲು, ಜಗಲಿ, ಅಟ್ಟದ ಗಾಳಿಕಿಂಡಿಗಳನ್ನು ಮೊದಲು ಪೂರ್ತಿಯಾಗಿ ಬಳಸಿಕೊಳ್ಳಬೇಕೆಂದೂ, ಯಂತ್ರದ ಆಯ್ಕೆ ಅನಂತರದ ಮಾತೆಂದೂ ಸೂಚಿಸಿತು. ನಾಳಗಳ ಪದ್ಧತಿಯನ್ನು ಈ ತತ್ತ್ವದ ಮುಂದೆ ನಿಲ್ಲಿಸಿದರೆ ಅದು ಸೋಲುವುದೇ ಹೆಚ್ಚು. ಒಂದು ಅಡಿಗೂ ಮಿಕ್ಕಿ ಅಗಲವಿರುವ ಮುಖ್ಯನಾಳವನ್ನು ಅಡಗಿಸಲು ಸೂರಿನ ಕೆಳಗೆ ಸುಳ್ಳು ಸೂರು ಕಟ್ಟಬೇಕು, ಗಾರೆಯ ಹೂಬಳ್ಳಿಯ ಅಂಚುಗಳನ್ನು ಮುಚ್ಚಬೇಕು, ಮೂಲೆಯ ಕಪಾಟುಗಳನ್ನು ಬಲಿಕೊಡಬೇಕು, ಮತ್ತು ಒಮ್ಮೆ ಒಡೆದ ಹಳೆಯ ಗಾರೆ ಮರಳಿ ಬಾರದು. ನಾಳರಹಿತ ಯಂತ್ರಕ್ಕೆ ಒಂದು ಕೋಣೆಗೆ ಬೇಕಾದುದು ಸುಮಾರು ಮೂರು ಅಂಗುಲ ವ್ಯಾಸದ ಒಂದೇ ಒಂದು ರಂಧ್ರ. 1980ರ ದಶಕದಿಂದ ನಿಧಾನವಾಗಿ ಅಮೆರಿಕಕ್ಕೆ ಬಂದ ಜಪಾನೀ ಯಂತ್ರಗಳು ಹಳೆಯ ಮನೆಗಳಲ್ಲಿ ಒಪ್ಪಿಗೆ ಪಡೆದದ್ದಕ್ಕೆ ಮುಖ್ಯ ಕಾರಣ ಇದೇ.

ಒಂದೇ ರಂಧ್ರವೆಂದ ಮಾತ್ರಕ್ಕೆ ಕೆಲಸ ಸುಲಭವಲ್ಲ. ಹಳೆಯ ಇಟ್ಟಿಗೆಗೋಡೆಯಲ್ಲಿ ಇಟ್ಟಿಗೆಯ ನಡುವೆಯೇ ಬೈರಿಗೆ ಹಾಯಿಸಿದರೆ ಆ ಇಟ್ಟಿಗೆ ಸೀಳಬಹುದು. ಸುಣ್ಣದ ಗಾರೆಯ ಸಂದುಗಳ ಕಡೆ ಹಾಯಿಸಿದರೆ ಮುಂದೆ ಮುಚ್ಚುವುದು ಸಾಧ್ಯ. ಮರದ ಪಟ್ಟಿಗಳ ಮೇಲೆ ಗಿಲಾವು ಮಾಡಿದ ಗೋಡೆಯಲ್ಲಿ ಬೈರಿಗೆಯ ಅದುರುವಿಕೆಗೇ ಗಾರೆಯು ಪಟ್ಟಿಯ ಹಿಡಿತ ಬಿಟ್ಟು ಹಾಳೆಹಾಳೆಯಾಗಿ ಕಳಚುವುದುಂಟು. ಮಚಿಯಾದ ಮಣ್ಣುಗೋಡೆಯಲ್ಲಿ ಬಿದಿರ ಹೆಣಿಗೆ ತುಂಡಾಗುತ್ತದೆ ಮತ್ತು ಒಳಪೆಟ್ಟಿಗೆಯ ಭಾರವನ್ನು ಮಣ್ಣು ಹೊರಲಾರದ್ದರಿಂದ ಕಂಬದಿಂದ ಕಂಬಕ್ಕೆ ಹಲಗೆ ಹೊಡೆದು ಅದಕ್ಕೆ ತೂಗುಹಾಕಬೇಕಾಗುತ್ತದೆ. ರಂಧ್ರವು ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲೇಬೇಕು, ಏಕೆಂದರೆ ಯಂತ್ರವು ಗಾಳಿಯಿಂದ ಹಿಂಡಿ ತೆಗೆದ ನೀರು ತಾನಾಗಿ ಇಳಿದುಹೋಗುವುದು ಆ ದಾರಿಯಲ್ಲೇ. ಸೆಕೆಯ ದಿನಗಳಲ್ಲಿ ಒಂದು ಕೋಣೆಯ ಎಸಿಯಿಂದಲೇ ದಿನಕ್ಕೆ ಹಲವು ಲೀಟರು ನೀರು ಹೊರಬರುತ್ತದೆ. ಇಳಿಜಾರು ತಪ್ಪಿದರೆ ಆ ನೀರು ಗೋಡೆಯೊಳಗೆ ಕಣ್ಣಿಗೆ ಕಾಣದಂತೆ ಇಂಗಿ, ವರ್ಷಗಳ ಮೇಲೆ ಕೊಳೆತ ತೊಲೆಯಾಗಿ ಪ್ರಕಟವಾಗುತ್ತದೆ. ಹಳೆಯ ಮನೆಗೆ ನಾಳರಹಿತ ಯಂತ್ರದಿಂದಾಗುವ ಹಾನಿಗಳಲ್ಲಿ ಅತ್ಯಂತ ಗುರುತರವಾದುದು ಈ ನೀರಿನದೇ.

ಗಾಳಿಯಲ್ಲಿರುವ ತೇವದ್ದು ಇದಕ್ಕೆ ಅಂಟಿಕೊಂಡ ಇನ್ನೊಂದು ಸಮಸ್ಯೆ. ಕೋಣೆಗೆ ಬೇಕಾದುದಕ್ಕಿಂತ ದೊಡ್ಡ ಯಂತ್ರವನ್ನು ಹಾಕಿದರೆ ಅದು ಗಾಳಿಯನ್ನು ಬೇಗನೆ ತಂಪುಮಾಡಿ ನಿಂತುಬಿಡುತ್ತದೆ, ತೇವವನ್ನು ತೆಗೆಯಲು ಸಮಯ ಸಿಕ್ಕುವುದಿಲ್ಲ. ತಂಪಾದ ಆದರೆ ತೇವಭರಿತವಾದ ಕೋಣೆಯಲ್ಲಿ ಬೂಷ್ಟು ಹಿಡಿಯುತ್ತದೆ. ಚಳಿಗಾಲದಲ್ಲಿ ಇದರ ವಿರುದ್ಧ ದಿಕ್ಕಿನ ತಪ್ಪು ನಡೆಯುತ್ತದೆ. ಪೀಠೋಪಕರಣಗಳು ಬಿರಿಯದಿರಲೆಂದು 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೋಣೆಯಲ್ಲಿ ಶೇ. 50ರಷ್ಟು ಸಾಪೇಕ್ಷ ಆರ್ದ್ರತೆಯನ್ನು, ಅಂದರೆ ಆ ತಾಪದಲ್ಲಿ ಗಾಳಿ ಹಿಡಿಯಬಹುದಾದ ತೇವದಲ್ಲಿ ಅರ್ಧದಷ್ಟನ್ನು, ಕಾಯ್ದುಕೊಂಡರೆ ಸುಮಾರು 10 ಡಿಗ್ರಿಗಿಂತ ತಣ್ಣಗಿರುವ ಯಾವುದೇ ಮೇಲ್ಮೈಯ ಮೇಲೆ ಇಬ್ಬನಿ ಕೂರುತ್ತದೆ. ಹೊರಗೆ ಹಿಮ ಬೀಳುತ್ತಿರುವಾಗ ಮರದ ಗೋಡೆಯ ಒಳಪದರಗಳು ಅದಕ್ಕಿಂತ ಎಷ್ಟೋ ತಣ್ಣಗಿರುತ್ತವೆ. ಹೀಗೆ ಕುರ್ಚಿಯನ್ನು ಉಳಿಸಲು ಹೋಗಿ ಗೋಡೆಯನ್ನು ಕಳೆದುಕೊಂಡ ಅನುಭವಗಳ ಹಿನ್ನೆಲೆಯಲ್ಲೇ ಅಮೆರಿಕದ ಕಟ್ಟಡ ಸಂರಕ್ಷಕರೂ ವಸ್ತು ಸಂರಕ್ಷಕರೂ 1990ರ ದಶಕದ ಆರಂಭದಲ್ಲಿ ಒಟ್ಟಿಗೆ ಕುಳಿತು 'ನ್ಯೂ ಆರ್ಲಿಯನ್ಸ್ ಸನ್ನದು' ಎಂಬ ಒಪ್ಪಂದವನ್ನು ರೂಪಿಸಿದರು. ಕಟ್ಟಡ ಮತ್ತು ಅದರೊಳಗಿನ ವಸ್ತು ಎರಡಕ್ಕೂ ಸಮಾನ ಗೌರವ ಸಲ್ಲಬೇಕೆಂಬುದು ಅದರ ತಿರುಳು.

ಒಳಗಿನ ಒಡೆತವನ್ನು ತಪ್ಪಿಸಿದ ಯಂತ್ರವು ಸಮಸ್ಯೆಯನ್ನು ಹೊರಮುಖಕ್ಕೆ ಸಾಗಿಸಿತೆಂಬುದನ್ನೂ ಹೇಳಲೇಬೇಕು. ಹೊರಪೆಟ್ಟಿಗೆಗಳೂ ಗೋಡೆಯ ಮೇಲೆ ಹರಿದಾಡುವ ಕೊಳವೆಗಳ ಪ್ಲಾಸ್ಟಿಕ್ ಮುಚ್ಚಿಗೆಗಳೂ ಇಂದು ಐತಿಹಾಸಿಕ ವಲಯಗಳ ಮಂಡಳಿಗಳ ಮುಂದೆ ಸಾಮಾನ್ಯವಾಗಿ ಬರುವ ವಿಷಯಗಳು. ಹೊರಪೆಟ್ಟಿಗೆಯನ್ನು ಹಿತ್ತಲಲ್ಲಿ ನೆಲದ ಮೇಲೆ ಇಡುವುದು, ಕೊಳವೆಗಳನ್ನು ನೆಲಮಾಳಿಗೆಯ ಅಥವಾ ಬಳಕೆ ತಪ್ಪಿದ ಚಿಮಣಿಯ ಮೂಲಕ ಹಾಯಿಸುವುದು ಸಾಮಾನ್ಯವಾಗಿ ಒಪ್ಪಿತವಾದ ಪರಿಹಾರಗಳು. ಬೆಂಕಿಯ ಹೊಗೆಗೆಂದು ಕಟ್ಟಿದ ಚಿಮಣಿಯೊಳಗೆ ಇನ್ನೂರು ವರ್ಷಗಳ ಮೇಲೆ ಶೀತಕದ ಕೊಳವೆ ಇಳಿಯುವುದರಲ್ಲಿ ಒಂದು ಔಚಿತ್ಯವೂ ಇದೆ: ಮನೆ ತಾನೇ ಮೊದಲಿನಿಂದ ಇಟ್ಟುಕೊಂಡಿದ್ದ ದಾರಿ ಅದು. ಕ್ಯೋಟೋದಲ್ಲಿ ಹೊರಪೆಟ್ಟಿಗೆಯ ಸುತ್ತ ಮನೆಯ ಮುಂಭಾಗದ ಜಾಲಂದ್ರವನ್ನೇ ಹೋಲುವ ಮರದ ಸರಳುಗಳ ಗೂಡು ಕಟ್ಟುವ ರೂಢಿ ಬೆಳೆದಿದೆ. ಸರಳುಗಳ ನಡುವೆ ಸಾಕಷ್ಟು ತೆರಪಿಲ್ಲದಿದ್ದರೆ ಬಿಸಿಗಾಳಿ ಒಳಗೇ ಸುತ್ತಿ ಯಂತ್ರ ಸೊರಗುವುದರಿಂದ ಆ ಗೂಡನ್ನು ಕಟ್ಟುವುದೂ ಒಂದು ಕಸುಬು.

ಇತ್ತೀಚಿನ ವರ್ಷಗಳಲ್ಲಿ ಈ ಇತಿಹಾಸದ ಮುಖ್ಯ ರಂಗಭೂಮಿ ಅಮೆರಿಕದ ಈಶಾನ್ಯ ತುದಿಯ ಮೇನ್ ರಾಜ್ಯ. ಹಳೆಯ ಮನೆಗಳು ಬಹಳವಾಗಿರುವ, ಚಳಿ ಕಠೋರವಾಗಿರುವ ಆ ರಾಜ್ಯದಲ್ಲಿ ಕಳೆದ ದಶಕದವರೆಗೂ ಪ್ರತಿ ಐದು ಮನೆಗಳಲ್ಲಿ ಸುಮಾರು ಮೂರು ಮನೆಗಳು ತೈಲ ಉರಿಸಿ ಬಿಸಿ ಪಡೆಯುತ್ತಿದ್ದವು. ಬಾಯ್ಲರ್ ಮತ್ತು ಬಿಸಿನೀರಿನ ಕೊಳವೆಗಳ ಪದ್ಧತಿ ವ್ಯಾಪಕವಾಗಿದ್ದು, ಅಂಥ ಮನೆಗಳಲ್ಲಿ ಗಾಳಿಯ ನಾಳಗಳು ಇರಲಿಲ್ಲ. ಹೊರಗಿನ ತಾಪ ಶೂನ್ಯಕ್ಕಿಂತ 25 ಡಿಗ್ರಿ ಕೆಳಗಿಳಿದಾಗಲೂ ಕೆಲಸ ಮಾಡಬಲ್ಲ ನಾಳರಹಿತ ಹೀಟ್ ಪಂಪುಗಳು ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಬಂದ ಮೇಲೆ, 2025ರೊಳಗೆ ಒಂದು ಲಕ್ಷ ಹೀಟ್ ಪಂಪುಗಳನ್ನು ಹಾಕಿಸುವ ಗುರಿಯನ್ನು ಆ ರಾಜ್ಯ 2019ರಲ್ಲಿ ಇಟ್ಟುಕೊಂಡಿತು, ಮತ್ತು ಅದು ಎರಡು ವರ್ಷ ಮೊದಲೇ, 2023ರಲ್ಲಿ, ಈಡೇರಿತು. ಇಂಥ ಪಂಪುಗಳಿಗೆ ಅಮೆರಿಕದ 2022ರ ಕೇಂದ್ರ ಕಾಯಿದೆಯೊಂದರಿಂದ ದೊರೆಯುತ್ತಿದ್ದ ತೆರಿಗೆ ವಿನಾಯಿತಿ 2025ರ ಕೊನೆಗೆ ರದ್ದಾಯಿತು. ಹಳೆಯ ಮನೆಯ ಗೋಡೆಗಳ ಮೇಲೆ ಬಿಳಿಯ ಪೆಟ್ಟಿಗೆಗಳು ಬಂದರೂ ಎರಕದ ಕಬ್ಬಿಣದ ರೇಡಿಯೇಟರುಗಳನ್ನು ಕಿತ್ತುಹಾಕಬಾರದೆಂಬುದು ಸಂರಕ್ಷಕರ ಸಲಹೆ, ಏಕೆಂದರೆ ಅವೂ ಈಗ ಆ ಮನೆಯ ಇತಿಹಾಸದ ಭಾಗವಾಗಿವೆ. ಮೇನ್ ರಾಜ್ಯದ ಅನೇಕ ಹಳೆಯ ಮನೆಗಳ ನೆಲಮಾಳಿಗೆಯಲ್ಲಿ ಬಾಯ್ಲರ್ ಇನ್ನೂ ಕಳಚದೆ ನಿಂತಿದೆ, ಮತ್ತು ಜನವರಿಯ ಅತ್ಯಂತ ಕಠಿಣ ಚಳಿಯ ರಾತ್ರಿಗಳಲ್ಲಿ ಅದನ್ನು ಹೊತ್ತಿಸುತ್ತಾರೆ.